ಗವಿಸಿದ್ದ ಕಲಿತ ಫ್ರೆಂಚ್ ಮಾತು

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಶಿವಯೋಗಮ್ಮ ಎಂಬ ಗುರು ಇದ್ದರು. ಎಲ್ಲರಿಗೂ ಅವರು ಅವ್ವ. ಹರೆಯದಲ್ಲಿ ಪಾಂಡಿಚೇರಿಯ ಫ್ರೆಂಚರ ಮನೆಯೊಂದರಲ್ಲಿ ಹನ್ನೆರಡು ವರ್ಷ ಅಡುಗೆ ಮಾಡಿದ್ದರಿಂದ ಅವರಿಗೆ ಆ ಭಾಷೆ ಬರುತ್ತಿತ್ತು.

ಒಂದು ದಿನ ಶಿಷ್ಯ ಗವಿಸಿದ್ದ ಬಂದು ಕೈಮುಗಿದ.

“ಅವ್ವಾರ, ಫ್ರಾನ್ಸಿನಿಂದ ಬಂದ ಮಾರ್ತ್ ಅಮ್ಮ ಎಂಟು ದಿನದಿಂದ ಹೊಳಿ ದಂಡಿ ಮ್ಯಾಲ ಒಬ್ಬರ ಕುಂತು ಉಣ್ಣತಾರ. ರೊಟ್ಟಿ ಬಡಿಯೂ ಗುಂಪಿಗೂ ಬರೂದಿಲ್ಲ, ಹಾಡಿನ ಗುಂಪಿಗೂ ಬರೂದಿಲ್ಲ. ಬ್ಯಾಸರಾಗಿ ಗುರುವಾರ ಹೊಂಟಾರಂತ.”

“ಒಬ್ಬರ ಉಣ್ಣತಾರಂತ ನಿನಗ ಹೆಂಗ ಗೊತ್ತು?”

“ನಾ ಉಣ್ಣೂದು ಅಲ್ಲೇ ಎದುರಿಗೆ, ಬೇವಿನ ಗಿಡದ ಕೆಳಗ.”

“ಯಾರ ಜೋಡಿ?”

“ಯಾರ ಜೋಡಿನೂ ಇಲ್ಲ, ಒಬ್ಬನ.”

ಅವ್ವ ಅವನ ಮುಖವನ್ನೇ ನೋಡಿದರು. ಗವಿಸಿದ್ದನಿಗೆ ಏನೂ ಹೊಳೆಯಲಿಲ್ಲ.

“ಗುಂಪಿಗೆ ಬರ್ರಿ ಅಂತ ಕರಿಯಾಕ ಫ್ರೆಂಚಿನ್ಯಾಗ ಏನಂತಾರ, ಕಲಿಸ್ರಿ.”

“ವನೇ ಅವೆಕ್ ನೂ. ನಮ್ಮ ಜೋಡಿ ಬರ್ರಿ ಅಂತ. ‘ನೂ’ ಅಂದ್ರ ನಾವು.”

ಗವಿಸಿದ್ದ ಮೂರು ದಿನ ಅದನ್ನೇ ಜಪಿಸಿದ. ಹಾಡಿನ ಗುಂಪಿನವರು ಕರೆದರೆ, ಉಚ್ಚಾರ ಕೆಡುತ್ತದೆ ಎಂದು ಹೋಗಲಿಲ್ಲ.

ಅಡುಗೆಮನೆಯ ಮುಂದೆ “ಅವೆಕ್, ಅವೆಕ್” ಎಂದು ಹಾದುಹೋಗುವಾಗ ರೊಟ್ಟಿ ಗುಂಪಿನ ಕೊಟ್ರವ್ವ, ಅವಲಕ್ಕಿ ಕೇಳುತ್ತಿದ್ದಾನೆಂದು ತಿಳಿದು ಒಂದು ಬಟ್ಟಲು ತಂದುಕೊಟ್ಟಳು. ಬೇಡ ಎನ್ನಲು ಬಾಯಿ ತೆರೆದರೆ ಮತ್ತೆ ಅದೇ ಮಾತು ಬಂತು. ಕೊಟ್ರವ್ವ ಇನ್ನೊಂದು ಬಟ್ಟಲು ತಂದಳು.

ಬುಧವಾರ ಮಧ್ಯಾಹ್ನ ಗವಿಸಿದ್ದ ಹೊಳೆಯ ದಂಡೆಗೆ ಹೋಗಿ, ಮಾರ್ತ್ ಮುಂದೆ ನಿಂತು ಉಸಿರೆಳೆದುಕೊಂಡ.

“ವನೇ ಅವೆಕ್ ನೂ.”

ಅರವತ್ತು ದಾಟಿದ ಆ ಹೆಂಗಸಿನ ಕಣ್ಣು ಅರಳಿತು. ತಾಟು, ಟೋಪಿ, ಚೀಲ ಎಲ್ಲ ಎತ್ತಿಕೊಂಡು, ಇಷ್ಟು ದಿನ ಒಳಗೇ ಇಟ್ಟುಕೊಂಡ ಮಾತನ್ನೆಲ್ಲ ಆಡುತ್ತಾ ಅವನ ಹಿಂದೆ ಹೊರಟಳು.

ಗವಿಸಿದ್ದ ನೆಟ್ಟಗೆ ಬೇವಿನ ಮರದ ಕೆಳಗೆ ಹೋಗಿ ಕುಳಿತ.

ಮಾರ್ತ್ ಸುತ್ತ ನೋಡಿದಳು. ಮರದ ಹಿಂದೆಯೂ ಹೋಗಿ ನೋಡಿ ಬಂದಳು.

“ನೂ?” ಎಂದಳು.

ಗವಿಸಿದ್ದ ತನ್ನ ಎದೆ ತೋರಿಸಿದ.

ಅವಳು ತಾಟು ಹಿಡಿದುಕೊಂಡೇ ಹೊಳೆ ದಂಡೆಯ ತನ್ನ ಕಲ್ಲಿಗೆ ಮರಳಿದಳು.

ಗವಿಸಿದ್ದ ಅವ್ವನ ಬಳಿಗೆ ಓಡಿ ಬಂದ. “ಅವ್ವಾರ, ನೀವು ಕಲಿಸಿದ ಮಾತು ತಪ್ಪೈತಿ. ಬಂದ್ರು, ನೋಡಿದ್ರು, ಹ್ವಾದ್ರು. ‘ನೂ’ ಅಂದ್ರು. ನಾ ಎದಿ ತೋರಿಸಿದೆ.”

“ಎದಿ ತೋರಿಸಿದ್ರ ಅದು ‘ನಾನು’ ಆತಪಾ. ನಾ ಕಲಿಸಿದ್ದು ‘ನಾವು’.”

“ಹಂಗಾರ ‘ನನ್ನ ಜೋಡಿ ಬರ್ರಿ’ ಅನ್ನೂದನ್ನ ಕಲಿಸಿಬಿಡ್ರಿ.”

“ಅದನ್ನ ಅಂದ್ರ ಆಕಿ ಗಂಡ ಪ್ಯಾರಿಸಿನಿಂದ ಬಡಿಗಿ ತಗೊಂಡು ಬರ್ತಾನ.”

ಗವಿಸಿದ್ದನ ಮುಖ ಸಣ್ಣದಾಯಿತು. “ಮತ್ತ ‘ನಾವು’ ಎಲ್ಲಿಂದ ತರ್ಲಿ?”

“ರೊಟ್ಟಿ ಗುಂಪಿಗೆ ಹೋಗು.”

“ಅಲ್ಲಿ ಬರೇ ಗದ್ದಲ, ಅವ್ವಾರ. ಕೊಟ್ರವ್ವ ಹೇಳಿದ್ದನ್ನ ಹೇಳತಾಳ.”

“ಎರಡು ವರ್ಷದಿಂದ ಅವರು ನಿನ್ನ ಕರಿಯಾಕ ಹತ್ಯಾರ. ಯಾವ ಭಾಷಾದಾಗ ಕರದ್ರು?”

“ಕನ್ನಡದಾಗ.”

“ತಿಳೀಲಿಲ್ಲೇನು?”

ಗವಿಸಿದ್ದ ಅಡುಗೆಮನೆಯ ಕಡೆ ನಡೆದ. ಹೊಸ್ತಿಲಲ್ಲಿ ಕಾಲು ತಡೆಯಿತು.

ಕೊಟ್ರವ್ವ ತಲೆ ಎತ್ತಲಿಲ್ಲ. ಅಂಡು ಎತ್ತಿ ಒಂದಿಷ್ಟು ಸರಿದು ಜಾಗ ಮಾಡಿದಳು. “ಬಾ, ಕುಂದ್ರು. ಹಿಟ್ಟು ಮಿದಿ,” ಎಂದಳು.

ಅವನ ಮೊದಲ ರೊಟ್ಟಿ ಮೂರು ತುಂಡಾಯಿತು. ಎಲ್ಲರೂ ನಕ್ಕರು. ಯಾಕೋ ಅವನಿಗೂ ನಗು ಬಂತು.

ಒಮ್ಮೆಲೇ ಎದ್ದು, ಹಿಟ್ಟಿನ ಕೈಯಲ್ಲೇ ದಂಡೆಗೆ ಓಡಿದ. ಮಾರ್ತ್ ಮುಂದೆ ನಿಂತಾಗ, ಮೂರು ದಿನ ಜಪಿಸಿದ ಮಾತಿನ ಒಂದಕ್ಷರವೂ ನೆನಪಾಗಲಿಲ್ಲ.

“ಬರ್ರಿ ಅಮ್ಮಾ,” ಎಂದು ಅಡುಗೆಮನೆಯ ಕಡೆ ಕೈ ತೋರಿಸಿದ.

ಬಾಗಿಲಲ್ಲಿ ಐದಾರು ಮಂದಿ ಇಣುಕುತ್ತಿದ್ದರು. ಮಾರ್ತ್ ಎದ್ದಳು.

ಗುರುವಾರ ಹೋಯಿತು. ಶುಕ್ರವಾರವೂ ಹೋಯಿತು. ಮಾರ್ತ್ ಹೋಗಲಿಲ್ಲ.

ಹತ್ತು ದಿನದ ಮೇಲೆ ಗವಿಸಿದ್ದ ಮತ್ತೆ ಬಂದು ಕೈಮುಗಿದ. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು.

“ಅವ್ವಾರ, ಇನ್ನೊಂದು ಫ್ರೆಂಚ್ ಮಾತು ಕಲಿಸ್ರಿ. ಆ ಅಮ್ಮ ರೊಟ್ಟಿ ಬಡಿಯಾಕ ಕುಂತ್ರ ಬಾಯಿ ಮುಚ್ಚೂದ ಇಲ್ಲ. ‘ಸ್ವಲ್ಪ ಸುಮ್ಮನಿರ್ರಿ’ ಅಂತ ಹೆಂಗ ಹೇಳೂದು?”

ಅವ್ವ ನಕ್ಕರು.

“ಅದ ಮಾತನ್ನ ಮುಂಜಾನೆ ಆಕಿ ಬಂದು ಕನ್ನಡದಾಗ ಕಲಿತು ಹ್ವಾದಳಪಾ, ನಿನಗ ಹೇಳಾಕ.”