ಗುರುಪಾದನ ಕಿಟಕಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲೊಬ್ಬರು ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜ. ಅವರ ಶಿಷ್ಯ ಗುರುಪಾದ.

ಮಠದಲ್ಲಿ ಹಾಡಿದವರ ಧ್ವನಿ, ತಾಳೆಗರಿಯ ಚಿತ್ರ, ಪ್ರವಚನದ ಬರಹ ಎಲ್ಲವೂ ಈಗ ಕಂಪ್ಯೂಟರಿನಲ್ಲಿದ್ದವು. ಬಂದ ಭಕ್ತರು ಕೇಳಿದ್ದನ್ನು ಹುಡುಕಿ ತೆರೆದುಕೊಡುವ ಒಂದು ಪ್ರೋಗ್ರಾಂ ಬರೆಯಲು ಅಜ್ಜ ಗುರುಪಾದನಿಗೆ ಹೇಳಿದ್ದರು.

ಹುಡುಕುವ ಕೆಲಸ ಬೇಗ ಮುಗಿಯಿತು. ತೆರೆಯುವ ಕೆಲಸ ಹನುಮಂತನ ಬಾಲವಾಯಿತು. ಶಿಷ್ಯನಿಗೊಂದು ಹಟ: ಏನೇ ಇರಲಿ, ತನ್ನ ಪ್ರೋಗ್ರಾಂ ಪರದೆಯ ಮೇಲೆ ಮೂಡಿಸುವ ಕಿಟಕಿಯೊಳಗೇ ತೆರೆಯಬೇಕು. ಬರಹ ತೆರೆಯುವುದನ್ನು ಅದಕ್ಕೆ ಕಲಿಸಿದ. ಚಿತ್ರ ತೆರೆಯುವುದನ್ನು ಹೆಣಗಾಡಿ ಕಲಿಸಿದ. ಹಾಡಿನ ಹತ್ತಿರ ಬಂದು ಎಡವಿದ.

"ಆ ಕಂಪ್ಯೂಟರದಾಗ ಹಾಡು ಹಚ್ಚೋದು ಮೊದಲ ಇತ್ತಲ್ಲೋ ತಮ್ಮಾ?" ಅಜ್ಜ ಒಮ್ಮೆ ಕೇಳಿದರು.

"ಐತ್ರಿ ಅಜ್ಜಾರ. ಅದು ಬ್ಯಾರೇದವರು ಮಾಡಿದ್ದು."

ಅಜ್ಜ ತಮ್ಮ ಪಾಡಿಗೆ ಅಂಗಳಕ್ಕೆ ಹೋದರು.

ಒಂದು ಮುಂಜಾನೆ ಫಕೀರವ್ವ ಎಂಬ ಮುದುಕಿ ಬಂದಳು. ಅವಳ ಗಂಡ ಈ ಮಠದಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದವನು. ಈಗ ಇಲ್ಲ.

"ನಮ್ಮವರ ಹಾಡು ನಿಮ್ಮ ಹಂತ್ಯಾಕ ಐತಂತಲ್ಲ," ಎಂದಳು. "ಒಂದ ಸಲ ಕೇಳಸು ಯಪ್ಪಾ. ನನಗ ಒಂದು ಕಿವಿ ಹೋಗೇತಿ. ಇನ್ನೊಂದೂ ಭಾಳ ದಿನ ಉಳಿಯಾಂಗಿಲ್ಲ ಅಂದಾರ ಡಾಕ್ಟರು."

ಗುರುಪಾದ ಹೆಸರು ಹುಡುಕಿದ. ಕೂಡಲೇ ಸಿಕ್ಕಿತು. ಒತ್ತಿದ.

ಕಿಟಕಿಯ ತುಂಬ ಅರ್ಥವಿಲ್ಲದ ಅಕ್ಷರ, ಚಿಹ್ನೆ ಹರಡಿಕೊಂಡವು. ಅವನ ಪ್ರೋಗ್ರಾಂ ಹಾಡನ್ನು ಬರಹವೆಂದು ತಿಳಿದು ಓದಲು ಹೊರಟಿತ್ತು.

ಫಕೀರವ್ವ ಪರದೆಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಏನೂ ಕೇಳವಲ್ದಲ್ಲ ಯಪ್ಪಾ. ಈ ಕಿವೀನೂ ಹೋತೇನು?"

ಗುರುಪಾದ ಅವಸರದಿಂದ ಕಿಟಕಿ ಮುಚ್ಚಿದ.

"ಇಲ್ಲ ಆಯಿ, ಕಿವಿ ಚಲೋ ಐತಿ. ಹಾಡು ಇನ್ನೂ ಹೊರಗ ಬಂದಿಲ್ಲ. ಪ್ರಸಾದ ತಗೊಂಡು ಕೂಡ್ರಿ, ಕೇಳಸ್ತೀನಿ."

ಮಧ್ಯಾಹ್ನದವರೆಗೆ ಗುದ್ದಾಡಿದ. ಬರೀ ಗರಗರ ಸದ್ದು ಬಂತು. ಕೊನೆಗೆ ಎದ್ದು ಅಜ್ಜನನ್ನು ಹುಡುಕಿಕೊಂಡು ಹೋದ. ಅವರು ಹೆಬ್ಬಾಗಿಲ ಕಟ್ಟೆಯ ಮೇಲೆ ಕೂತಿದ್ದರು.

"ಅಜ್ಜಾರ, ಆ ಹಾಡ ಕೆಟ್ಟೈತ್ರಿ."

ಕುಣಿಯಲಾರದವಳಿಗೆ ನೆಲ ಡೊಂಕು. ಅಜ್ಜ ಆ ಗಾದೆಯನ್ನು ಬಾಯಿಬಿಟ್ಟು ಹೇಳಲಿಲ್ಲ. "ಇಲ್ಲಿ ಕೂಡು," ಎಂದರು.

ಅಷ್ಟರಲ್ಲಿ ಒಬ್ಬ ಭಕ್ತ ಬಂದು ಗಂಟೊಂದನ್ನು ಇಟ್ಟು, ನಮಸ್ಕರಿಸಿ, ಹೊಳೆಗೆ ಇಳಿದ. ಆ ಮಠಕ್ಕೆ ತರುವ ಗಂಟಿಗೆಲ್ಲ ಒಂದು ಗುರುತು ಸಿಕ್ಕಿಸುವುದು ವಾಡಿಕೆ. ಕಾಳಿನ ಗಂಟಿಗೆ ಜೋಳದ ದಂಟು, ಔಷಧದ ಬೇರಿನ ಗಂಟಿಗೆ ಬೇವಿನ ಕಡ್ಡಿ.

ಗುರುಪಾದನ ಕೈ ತಾನಾಗಿ ಗಂಟು ಬಿಚ್ಚಲು ಹೋಯಿತು. ಅಜ್ಜ ಆ ಕೈಯನ್ನು ಹಿಡಿದರು.

"ಏನು ಗುರುತೈತಿ?"

"ಬೇವಿನ ಕಡ್ಡಿರಿ."

"ಎಲ್ಲಿಗೆ ಹೋಗಬೇಕು?"

"ಔಷಧದ ಖೋಲಿಗೆ."

"ಒಳಗ ಯಾವ ಬೇರೈತಿ?"

"ನನಗೇನು ಗೊತ್ತರಿ. ಬಿಚ್ಚಿ ನೋಡ್ಲೇನು?"

"ಬಿಚ್ಚಿದ್ರ ತಿಳೀತೈತೇನು ನಿನಗ?"

ಗುರುಪಾದ ಕೈ ಹಿಂದಕ್ಕೆಳೆದುಕೊಂಡ.

"ಗುರುತು ನೋಡಿ ಕಳಸು. ಬಿಚ್ಚೋರು ಒಳಗ ಅದಾರ," ಎಂದರು ಅಜ್ಜ.

ಅವನು ಗಂಟನ್ನು ಔಷಧದ ಖೋಲಿಗೆ ಮುಟ್ಟಿಸಿ ಹೊರಬಂದ. ನಡು ಅಂಗಳದಲ್ಲಿ ನಿಂತುಬಿಟ್ಟ. ಕಂಪ್ಯೂಟರಿನ ಪ್ರತಿ ಫೈಲಿನ ಹೆಸರಿನ ಕೊನೆಗೂ ಒಂದು ಗುರುತಿರುತ್ತದೆ. ಯಾವ ಗುರುತಿನ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕೆಂದು ಕಂಪ್ಯೂಟರಿಗೆ ಗೊತ್ತಿರುತ್ತದೆ. ಇವನಿಗೂ ಗೊತ್ತಿತ್ತು. ಕಂಪ್ಯೂಟರನ್ನು ಕೇಳಲು ಮನಸ್ಸಿರಲಿಲ್ಲ, ಅಷ್ಟೆ.

ಒಳಗೆ ಹೋಗಿ, ಫೈಲು ತೆರೆಯಲೆಂದು ಕಷ್ಟಪಟ್ಟು ಬರೆದದ್ದನ್ನೆಲ್ಲ ಅಳಿಸಿದ. ಅಳಿಸುವಾಗ ನೋವಾಯಿತು. ಆ ಜಾಗದಲ್ಲಿ ಒಂದೇ ಸಾಲು ಬರೆದ: ಈ ಫೈಲನ್ನು ತೆರೆಯಬಲ್ಲವರ ಕೈಗೆ ಕೊಡು.

ಫಕೀರವ್ವನನ್ನು ಕರೆದು ಕೂರಿಸಿ ಒತ್ತಿದ.

ಬೇರೆಯವರು ಮಾಡಿದ ಕಿಟಕಿಯೊಂದು ಮುಂದೆ ಬಂತು. ಮೊದಲು ಏಕತಾರಿಯ ನಾದ, ಆಮೇಲೆ ಸಣ್ಣ ಕೆಮ್ಮು, ಆಮೇಲೆ ಗಂಡಸಿನ ತುಂಬು ದನಿ.

ಫಕೀರವ್ವ ಸ್ಪೀಕರಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಹಾಡು ನಡುವೆ ಒಂದು ಕಡೆ ತಡವರಿಸಿತು. ಅವಳು ನಕ್ಕುಬಿಟ್ಟಳು.

"ಈ ನುಡಿ ಎಂದೂ ನೆನಪ ಇರತಿದ್ದಿಲ್ಲ ಅವರಿಗೆ. ನಾನ ಹಿಂದಿಂದ ಹೇಳ್ತಿದ್ದೆ."

ಮುಗಿದಾಗ ಮತ್ತೊಮ್ಮೆ ಹಚ್ಚಿಸಿಕೊಂಡಳು. ಮತ್ತೂ ಒಮ್ಮೆ. ಬಿಸಿಲು ಇಳಿದಾಗ ಸ್ಪೀಕರನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡು ಚೀಲ ಹುಡುಕತೊಡಗಿದಳು.

ಅಜ್ಜ ಅಂಗಳದಿಂದ ಹಾಡು ಕೇಳುತ್ತ ನಿಂತಿದ್ದರು. ಗುರುಪಾದ ಹೊಸ್ತಿಲಿಗೆ ಬಂದು ನಿಂತ. ಸಂತೋಷವಾಗಿತ್ತು, ಒಳಗೆಲ್ಲೋ ಸಣ್ಣಗೆ ಚುಚ್ಚುತ್ತಲೂ ಇತ್ತು.

"ಅಜ್ಜಾರ, ಹಾಡು ಬಂದ ಕೂಡ್ಲೇ ನನ್ನ ಕಿಟಕಿ ಹಿಂದ ಬಿತ್ರಿ. ಇಷ್ಟು ದಿನ ಮಾಡಿದ್ದನ್ನ ಆಯಿ ಒಮ್ಮಿನೂ ನೋಡಲಿಲ್ಲ."

ಅವನ ಬೆನ್ನ ಹಿಂದೆ ಫಕೀರವ್ವ ಚೀಲ ಹಿಡಿದು ಕಾಯುತ್ತಿದ್ದಳು.

ಅಜ್ಜ ಹೇಳಿದರು: "ಸ್ವಲ್ಪ ಆ ಕಡೆ ಸರಿ ತಮ್ಮಾ. ಬಾಗಲಾ ತಗದಾವ ಬಾಗಲದಾಗ ನಿಂತ್ರ, ಆಯಿ ಹ್ಯಾಂಗ ಹೋಗಬೇಕು?"