ಮಾವನ ಮೋಟಾರ್ ಸೈಕಲ್ಲಿನ ಶಬ್ದ

"ಬುದ್ಧಿ, ದೋಷ ಎಲ್ಲಿದೆ ಎಂದು ಗೊತ್ತಾದರೆ ತಿದ್ದಿಕೊಳ್ಳಬಹುದು. ಎಲ್ಲಿದೆ ಅನ್ನುವುದೇ ಗೊತ್ತಾಗದಿದ್ದರೆ ಏನು ಮಾಡಬೇಕು?" ಎಂದು ಶಂಭುಲಿಂಗ ಮಠದ ಗುರುಗಳನ್ನು ಕೇಳಿದ.

ಅವನು ಮಠದ ಶಾಲೆಯಲ್ಲಿ ಗಣಿತ ಕಲಿಸುವವನು. ಗುರುಗಳ ಮುಂದೆ ಕೂತಾಗಲೂ ಅವನ ಪ್ರಶ್ನೆಗಳು ಲೆಕ್ಕದ ಹಾಗೆಯೇ ಇರುತ್ತಿದ್ದವು.

"ಯಾವುದರ ದೋಷ?" ಎಂದರು ಗುರುಗಳು.

ಶಂಭುಲಿಂಗ ಹೇಳಿದ. ತಂದೆಯ ಕೊನೆಯ ಕಾಯಿಲೆಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಲೇಬೇಕೆಂದು ಅವನು ಹಟ ಹಿಡಿದಿದ್ದ. ಮನೆಯಲ್ಲೇ ಇರಲಿ ಎಂದು ಅಣ್ಣ ಅಂದಿದ್ದ. ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ತಂದೆಯ ಸ್ಮರಣೆಯನ್ನು ಪ್ರತಿ ವರ್ಷ ಬೇರೆ ಬೇರೆಯಾಗಿ ಮಾಡುತ್ತಿದ್ದರು. ತಾಯಿ ಮಗಳ ಮನೆಯಲ್ಲಿದ್ದರು. ಈ ವರ್ಷ ಅವರು ಇಬ್ಬರಿಗೂ ಹೇಳಿಕಳಿಸಿದ್ದರು: ಒಟ್ಟಿಗೆ ಮಾಡಿದರೆ ಬರುತ್ತೇನೆ, ಇಲ್ಲವಾದರೆ ಇನ್ನು ಯಾರ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ. ಸ್ಮರಣೆಗೆ ಹೆಚ್ಚು ದಿನ ಉಳಿದಿರಲಿಲ್ಲ.

"ಅಣ್ಣನ ಮನೆಗೆ ಹೋಗಲಿಲ್ಲ ಅಂತಲ್ಲ ಬುದ್ಧಿ. ಮತ್ತೆ ಮತ್ತೆ ಹೋಗಿದ್ದೇನೆ. ಹೋದಾಗಲೆಲ್ಲ ಅತ್ತಿಗೆ, 'ಕೂತ್ಕೊಳ್ಳಪ್ಪ ಶಂಭು, ಟೀ ಇಡ್ತೀನಿ' ಅಂತ ಒಳಗೆ ಹೋಗುತ್ತಾರೆ. ಅಣ್ಣ ಪೇಪರಿನಿಂದ ಮುಖ ಎತ್ತುವುದಿಲ್ಲ. 'ಈಗ ಯಾರನ್ನ ಆಸ್ಪತ್ರೆಗೆ ಸೇರಿಸೋಕೆ ಬಂದೆ?' ಅನ್ನುತ್ತಾನೆ. ಎದ್ದು ಬಂದುಬಿಡುತ್ತೇನೆ. ಇದೆಲ್ಲ ಮನೆ ಪಾಲಿನ ವಿಷಯ ಅನ್ನುತ್ತಾರೆ ಸೋದರಮಾವ. ಅತ್ತಿಗೆಯೇ ಕಿವಿ ಊದುತ್ತಾರೆ ಅನ್ನುತ್ತಾಳೆ ನನ್ನ ಹೆಂಡತಿ. ನಿನ್ನ ದನಿಯೇ ಸರಿಯಿಲ್ಲ, ಪಾಠ ಮಾಡಿದ ಹಾಗೆ ಮಾತಾಡ್ತೀಯ ಅನ್ನುತ್ತಾಳೆ ತಂಗಿ. ಒಬ್ಬೊಬ್ಬರು ಹೇಳುವಾಗಲೂ ಅದೇ ಸರಿ ಅನಿಸುತ್ತದೆ. ಯಾವುದನ್ನು ತಿದ್ದಲಿ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ಒಮ್ಮೆ ತಿಕ್ಕಿದರೆ ಸಾಕು, ನೂಲು ಎಂಥದು, ಒಗೆದರೆ ಬಣ್ಣ ನಿಲ್ಲುತ್ತದೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದ. ಎರಡನೆಯ ಸಲ ಮುಟ್ಟುತ್ತಿರಲಿಲ್ಲ. ಹೇಳಿದ್ದು ತಪ್ಪುತ್ತಲೂ ಇರಲಿಲ್ಲ. ಹೀಗಾಗಿ, ಯಾವ ವಸ್ತುವಾದರೂ ಮೊದಲ ಸಲಕ್ಕೇ ತನ್ನ ಗುಣವನ್ನು ಹೇಳಿಬಿಡುತ್ತದೆ ಎಂದು ಅವನು ತಿಳಿದಿದ್ದ.

ಅವನ ಮಾವ ತೀರಿಕೊಳ್ಳುವಾಗ ಒಂದು ಮೋಟಾರ್ ಸೈಕಲ್ ಬಿಟ್ಟುಹೋಗಿದ್ದರು. ತುಂಬ ಹಳೆಯ ಗಾಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿತಾಟಿನ ಕೆಳಗೆ ವರ್ಷಗಟ್ಟಲೆ ನಿಂತೇ ಇತ್ತು. ಒಂದು ದಿನ ವ್ಯಾಪಾರಿಯ ಹೆಂಡತಿ ಹೇಳಿದಳು:

"ಅಪ್ಪನ ಗಾಡೀಲಿ ಒಂದು ಸಲ ತವರಿಗೆ ಹೋಗಬೇಕು ಅಂತ ಆಸೆ. ಆಗುತ್ತೆ ಅಂದರೆ ಆಗುತ್ತೆ ಅನ್ನಿ. ಇಲ್ಲ ಅಂದರೆ ಗುಜರಿಗೆ ಹಾಕಿ. ಹೀಗೆ ಹೆಣದ ಹಾಗೆ ಮುಚ್ಚಿಡೋದು ಬೇಡ."

ವ್ಯಾಪಾರಿ ಟ್ಯಾಂಕು ತೊಳೆಸಿದ. ಹಳೆಯ ಆಯಿಲ್ ಬಸಿದು ಹೊಸದು ಹಾಕಿಸಿದ. ಕಿಕ್ ಹೊಡೆದ. ಗಾಡಿ ಶುರುವಾಯಿತು. ಜೊತೆಗೆ ಎಂಜಿನ್ನಿನ ಒಳಗಿನಿಂದ ಕಟಕಟ ಎಂದು ಶಬ್ದ ಬಂತು. ಅವನು ತಕ್ಷಣ ಆಫ್ ಮಾಡಿದ.

"ಯಾಕೆ, ಏನಾಯ್ತು?" ಎಂದಳು ಹೆಂಡತಿ.

"ಒಳಗೆ ಏನೋ ಹೋಗಿದೆ."

"ಏನು ಹೋಗಿದೆ?"

"ಗೊತ್ತಿಲ್ಲ."

"ಏನು ಅಂತಲೇ ಗೊತ್ತಿಲ್ಲ, ಹೋಗಿದೆ ಅನ್ನೋದು ಮಾತ್ರ ಗೊತ್ತು" ಎಂದು ಅವಳು ಕೈಚೀಲವನ್ನು ಮೊಳೆಗೆ ನೇತುಹಾಕಿ ಒಳಗೆ ಹೋದಳು.

ವ್ಯಾಪಾರಿ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದ. ಶುರು ಮಾಡಿ, ಶಬ್ದ ಬಂದೊಡನೆ ಆಫ್ ಮಾಡಿ, "ಕೇಳಿಸಿತೇ?" ಎಂದ. ಎಂಜಿನ್ನಿನ ವಾಲ್ವನ್ನು ತಳ್ಳುವ ಟ್ಯಾಪೆಟ್ ಸಡಿಲವಾಗಿದೆ ಎಂದ ಅವನು. ಬಿಗಿ ಮಾಡಿದರು. ಶಬ್ದ ಹಾಗೆಯೇ ಇತ್ತು. ಇನ್ನೊಬ್ಬನನ್ನು ಕರೆಸಿದ. ಅವನು, "ಸ್ವಲ್ಪ ಹೊತ್ತು ಓಡಲಿ ಬಿಡಿ ಸಾಹುಕಾರ್ರೆ, ಕೇಳೋಣ" ಎಂದ. ವ್ಯಾಪಾರಿ ಆಗಲೇ ಆಫ್ ಮಾಡಿಯಾಗಿತ್ತು. "ಕೇಳಿದ್ದು ಸಾಲದೇನಯ್ಯ? ಪೂರಾ ಹಾಳಾದ ಮೇಲೆ ಕೇಳ್ತೀಯಾ?" ಎಂದ. ಅಷ್ಟು ಕೇಳಿದ್ದಕ್ಕೆ ಏನು ಹೇಳಬಹುದೋ ಅದನ್ನು ಮೆಕ್ಯಾನಿಕ್ ಹೇಳಿದ: ಪಿಸ್ಟನ್ ಸವೆದಿರಬೇಕು. ಎಂಜಿನ್ ಬಿಚ್ಚಿದರು. ಪಿಸ್ಟನ್ನಿನಲ್ಲಿ ಹೇಳಿಕೊಳ್ಳುವಂಥ ಸವೆತ ಕಾಣಲಿಲ್ಲ. ಜೋಡಿಸಿ ಶುರು ಮಾಡಿದರೆ ಅದೇ ಶಬ್ದ. ಮತ್ತೊಬ್ಬ ಬಂದು, ಬೇರಿಂಗ್ ಹೋಗಿದೆ, ದಾರಿಯಲ್ಲಿ ಎಂಜಿನ್ ಜಾಮ್ ಆದರೆ ಇಬ್ಬರೂ ಬೀಳುತ್ತೀರಿ ಎಂದು ಹೆದರಿಸಿ ಹೋದ.

ವ್ಯಾಪಾರಿಗೆ ಏನೂ ತಿಳಿಯದಾಯಿತು. ಟ್ಯಾಪೆಟ್ ಎಂದುಕೊಂಡು ಕೇಳಿದರೆ ಟ್ಯಾಪೆಟ್ಟಿನ ಹಾಗೆ ಕೇಳಿಸುತ್ತಿತ್ತು. ಬೇರಿಂಗ್ ಎಂದುಕೊಂಡು ಕೇಳಿದರೆ ಬೇರಿಂಗಿನ ಹಾಗೆ. ಅಂಗಡಿಯಲ್ಲಿ ಕತ್ತರಿಯ ಸದ್ದಿಗೂ ತಲೆಯೆತ್ತಿ ನೋಡುತ್ತಿದ್ದ. ರವಿಕೆ ಬಟ್ಟೆ ಕೇಳಿದವರಿಗೆ ಲೈನಿಂಗ್ ಬಟ್ಟೆ ಹರಿದುಕೊಟ್ಟ. ಅವನು ಒಂದೇ ಅಂಚನ್ನು ಎರಡನೆಯ ಸಲ ತಿಕ್ಕಿ ನೋಡುವುದನ್ನು ಗಿರಾಕಿಗಳು ಆಗ ಮೊದಲ ಬಾರಿಗೆ ಕಂಡರು.

ಕೊನೆಗೆ ಅವನು ಗುಜರಿಯವನಿಗೆ ಹೇಳಿಕಳಿಸಿದ. ಹೆಂಡತಿ ಬೇಡವೆನ್ನಲಿಲ್ಲ. "ಅವನು ಬರೋಕೆ ಮುಂಚೆ ಒಂದು ಸಲ ಶುರು ಮಾಡಿ. ಅಪ್ಪನ ಗಾಡಿ ಸದ್ದು ಕೇಳಿಬಿಡ್ತೀನಿ" ಎಂದಳು.

ಅವನು ಕಿಕ್ ಹೊಡೆದ. ಶಬ್ದ ಬಂತು. ಅಭ್ಯಾಸದಂತೆ ಬೆರಳು ಆಫ್ ಮಾಡುವ ಗುಂಡಿಗೆ ಹೋಯಿತು. ಗಾಡಿ ನಿಲ್ಲಲಿಲ್ಲ. ಅಂಥ ಹಳೆಯ ಗಾಡಿಗಳಲ್ಲಿ ಗುಂಡಿಯಿಂದ ಎಂಜಿನ್ನಿಗೆ ಒಂದು ತಂತಿ ಹೋಗುತ್ತದೆ. ತಂತಿ ತುಂಡಾದರೆ ಗುಂಡಿ ಕೆಲಸ ಮಾಡುವುದಿಲ್ಲ. ಬಿಚ್ಚಿ ಜೋಡಿಸುವುದರಲ್ಲಿ ಆ ತಂತಿ ತುಂಡಾಗಿತ್ತು. ಅವನು ಗುಂಡಿಯನ್ನು ಒತ್ತಿದ, ಮತ್ತೆ ಒತ್ತಿದ.

"ನಿಲ್ಲಿಸೋದೊಂದು ಚೆನ್ನಾಗಿ ಬರ್ತಿತ್ತು ನಿಮಗೆ. ಈಗ ಅದೂ ಮರೆತುಹೋಯ್ತಾ?" ಎಂದಳು ಹೆಂಡತಿ.

ಅವನು ಕಿವಿ ಮುಚ್ಚಿಕೊಂಡು ನಿಂತ. ಬೇರೆ ಏನೂ ತೋಚಲಿಲ್ಲ. ಪೆಟ್ರೋಲ್ ಬಂದ್ ಮಾಡಬಹುದು ಎಂದು ಹೊಳೆಯುವ ಹೊತ್ತಿಗೆ ಸಾಕಷ್ಟು ತಡವಾಗಿತ್ತು. ಬಂದ್ ಮಾಡಿದ. ಆದರೂ ಕಾರ್ಬ್ಯುರೇಟರಿನಲ್ಲಿ ಉಳಿದಿದ್ದ ಪೆಟ್ರೋಲಿನಿಂದ ಗಾಡಿ ಓಡುತ್ತಲೇ ಇತ್ತು. ಆಗ ಅವನಿಗೆ ಗೊತ್ತಾಯಿತು, ಶಬ್ದ ಕಡಿಮೆಯಾಗಿದೆ. ಬಗ್ಗಿ ಕೇಳಿದ. ಇನ್ನೂ ಕಡಿಮೆಯಾಯಿತು. ಎಂಜಿನ್ ಬಿಸಿಯಾಗಿತ್ತು. ಗಾಡಿ ನಿಂತಿದ್ದಾಗ ಕೆಳಗಿಳಿದಿದ್ದ ಆಯಿಲ್ ಮೇಲಿನವರೆಗೂ ಏರಿತ್ತು. ಶಬ್ದ ಪೂರ್ತಿ ಅಡಗಿತು. ಅಷ್ಟರಲ್ಲಿ ಪೆಟ್ರೋಲ್ ಮುಗಿದು ಗಾಡಿಯೂ ನಿಂತಿತು.

ಅವನ ಗೊಂದಲ ಮೊದಲಿಗಿಂತ ಹೆಚ್ಚಾಯಿತು. ಶಬ್ದ ಹೋದದ್ದು ಗಾಡಿ ಸರಿಯಾದ್ದರಿಂದಲೋ, ಸಾಯುತ್ತಿದ್ದುದರಿಂದಲೋ? ಪೆಟ್ರೋಲ್ ಬಿಟ್ಟು ಮತ್ತೆ ಕಿಕ್ ಹೊಡೆದ. ಗಾಡಿ ಶುರುವಾಯಿತು. ಶಬ್ದವಿರಲಿಲ್ಲ. ತಿರುಗಿ ನೋಡಿದರೆ ಹೆಂಡತಿ ಮೊಳೆಯಿಂದ ಕೈಚೀಲ ತೆಗೆದುಕೊಳ್ಳುತ್ತಿದ್ದಳು. ಗುಜರಿಯವನು ಬಂದಾಗ ಅವನಿಗೆ ಸಿಕ್ಕಿದ್ದು ಗೋಣಿತಾಟು ಮಾತ್ರ.

ತಂತಿ ಹಾಕಿಸಿಕೊಂಡು ಇಬ್ಬರೂ ಹೊರಟರು, ಊರು ತಲುಪಿದರು. ಮರುದಿನ ಬೆಳಿಗ್ಗೆ ಹೆಂಡತಿಯ ತವರಿನ ಅಂಗಳದಲ್ಲಿ ಗಾಡಿ ಶುರು ಮಾಡಿದಾಗ ಮತ್ತೆ ಅದೇ ಕಟಕಟ. ವ್ಯಾಪಾರಿಯ ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ. ನಿಂತುಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಂಭುಲಿಂಗ ಹುಬ್ಬು ಗಂಟು ಹಾಕಿಕೊಂಡಿದ್ದ. "ಬೇರಿಂಗ್ ನಿಜವಾಗಿಯೂ ಹೋಗಿದ್ದರೆ ಬುದ್ಧಿ?"

"ಬಿಸಿಯಾದಷ್ಟೂ ಬಡಿತ ಹೆಚ್ಚುತ್ತಿತ್ತು. ಗಾಡಿ ಗುಜರಿಗೆ ಹೋಗುತ್ತಿತ್ತು. ಅದು ತಿಳಿಯಬೇಕಾದರೂ ಅಷ್ಟು ಹೊತ್ತು ನಿಲ್ಲಲೇಬೇಕಿತ್ತು."

"ಆದರೂ, ಕೊನೆಗೆ ದೋಷ ಇದ್ದದ್ದು ಯಾವುದರಲ್ಲಿ? ಟ್ಯಾಪೆಟ್ಟಿನಲ್ಲೋ, ಪಿಸ್ಟನ್ನಿನಲ್ಲೋ? ಅದನ್ನು ನೀವು ಹೇಳಲೇ ಇಲ್ಲ."

ಗುರುಗಳು ಕೇಳಿದರು: "ನಿನ್ನ ಅತ್ತಿಗೆ ಒಲೆಯ ಮೇಲೆ ಇಟ್ಟ ಟೀ ಏನಾಯಿತು?"

ಶಂಭುಲಿಂಗನಿಗೆ ಅದು ಗೊತ್ತಿರಲಿಲ್ಲ; ಟೀ ಬರುವವರೆಗೆ ಅವನು ಒಮ್ಮೆಯೂ ಕೂತಿರಲಿಲ್ಲ.