ಕೋಳಿಗೆ ಸಿಕ್ಕ ಬಿಡುವು

ಹಗಲೆಲ್ಲ ಕೂತು ಊರವರ ಮೊಟ್ಟೆಗಳಿಗೆ ಕಾವು ಕೊಡುವ ನೌಕರಿ, ಸಂಜೆ ತನ್ನ ಹನ್ನೊಂದು ಮರಿಗಳು ಬಿಟ್ಟ ಕಾಳನ್ನೆಲ್ಲ ತಾನೇ ತಿಂದು ಮುಗಿಸುವ ಅಭ್ಯಾಸ. ಹೀಗಾಗಿ ಕೋಳಿಯೊಂದು ಗೋಡೆ ಹಾರಲಾರದಷ್ಟು ದಪ್ಪವಾಗಿತ್ತು. ಒಂದು ಸೋಮವಾರ ಡೊಳ್ಳುಹೊಟ್ಟೆಯ ಬೆಕ್ಕು ಬಂದು ವಿನಯದಿಂದ ಹೇಳಿತು:

“ಅಕ್ಕಾ, ವೈದ್ಯರು ನನಗೆ ಓಡಲು ಹೇಳಿದ್ದಾರೆ. ನೀವೂ ಬನ್ನಿ. ನೀವು ಮುಂದೆ, ನಾನು ಹಿಂದೆ.”

“ನನಗೆಲ್ಲಿಯ ಬಿಡುವು ತಮ್ಮಾ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?”

“ಅವರನ್ನೂ ಕರೆತನ್ನಿ.”

“ಪಥ್ಯವೇನಾದರೂ ಉಂಟೋ?”

“ಕೊಬ್ಬಿಲ್ಲದ ಎಳೆಯ ಮಾಂಸ,” ಎಂದು ಬೆಕ್ಕು ಮರಿಗಳತ್ತ ನೋಡಿತು.

ಕೋಳಿ ಮರಿಗಳನ್ನು ಗೋಡೆಯ ಕಿಂಡಿಯೊಳಗೆ ತೂರಿಸಿ, ಬೆಕ್ಕು ಬೆನ್ನಟ್ಟುತ್ತಿರಲು ಅಂಗಳವನ್ನು ಮೂರು ಸುತ್ತು ಓಡಿ, ಜೀವಭಯದಲ್ಲಿ ಎಂದೂ ಹಾರದಿದ್ದ ಗೋಡೆಯ ಮೇಲೆ ಹಾರಿ ಕುಳಿತಿತು.

ಏದುಸಿರು ಬಿಡುತ್ತ ಬೆಕ್ಕು, “ನಾಳೆ ನಾನು ಬರುವುದಿಲ್ಲ,” ಎಂದಿತು.

“ಹಾಗೆನ್ನಬೇಡ. ಒಂದಿಷ್ಟು ಸೊಪ್ಪು ತಿಂದು ಬಾ. ನೀನು ಅಟ್ಟಿಸಿಕೊಂಡು ಬಾರದಿದ್ದರೆ ನನಗೆ ಓಡಲು ಬಿಡುವಾಗುವುದಿಲ್ಲ,” ಎಂದಿತು ಕೋಳಿ.